ಹೊರಗಿನ ಪ್ಯಾಡ್ ಚೆನ್ನಾಗಿತ್ತು

ಮೊದಲೇ ಒಪ್ಪಿಕೊಂಡುಬಿಡ್ತೀವಿ. ನಾವು ನಾಲ್ಕು ಜನ. ಮೂವರು ಮೆಕ್ಯಾನಿಕಲ್, ಒಬ್ಬಳು ಸಿಎಸ್. ಆ ಮೂರು ಮೆಕ್ಯಾನಿಕಲ್ ತಲೆಗಳು ಹಾಸ್ಟೆಲ್ ಹಿಂದಿನ ಪಾರ್ಕಿಂಗಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು, ಅಲಾಯ್ ವೀಲ್ ಸಂದಿಯಲ್ಲಿ ಇಣುಕಿ, ಒಂದು ಕಾರಿನ ಬ್ರೇಕ್ ಪ್ಯಾಡ್ ನೋಡಿದ್ವು. "ಅರ್ಧಕ್ಕಿಂತ ಜಾಸ್ತಿ ಇದೆ, ಆರಾಮಾಗಿ ಹತ್ತು ಸಾವಿರ ಕಿಲೋಮೀಟರ್ ಓಡತ್ತೆ" ಅಂತ ತೀರ್ಪು ಕೊಟ್ಟವು. ಎರಡು ವಾರ ಆದ ಮೇಲೆ ಅದೇ ಕಾರು ಚಾರ್ಮಾಡಿ ಘಾಟಿಯ ಮಧ್ಯದಲ್ಲಿ ಸುಟ್ಟ ವಾಸನೆ ಬಿಡ್ತಾ ನಿಂತಿತ್ತು. ಒಳಗೆ ನಾವಿದ್ವಿ.

ಕಾರು ನಮ್ಮಲ್ಲೊಬ್ಬನ ಅಪ್ಪಂದು. ಅವನ ಹೆಸರು ಬೇಡ, ಈ ಮ್ಯಾಗಜೀನ್ ಲಿಂಕನ್ನ ಅವರಪ್ಪನೂ ಓಪನ್ ಮಾಡ್ತಾರೆ. ಕಾರಿನ ಹುಡುಗ ಅಂತ ಇಟ್ಕೊಳ್ಳೋಣ. ಸೆಪ್ಟೆಂಬರ್ ಕೊನೆ, ಇಂಟರ್ನಲ್ಸ್ ಮುಗಿದಿತ್ತು, ಮಳೆ ಸ್ವಲ್ಪ ಬಿಟ್ಟಿತ್ತು. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಆಮೇಲೆ ಘಾಟಿ ಇಳಿದು ಧರ್ಮಸ್ಥಳ. ಪ್ಲಾನ್ ಅಷ್ಟೇ.

ಕಾರು ನಮಗೆ ಮೊದಲೇ ಹೇಳಿತ್ತು. ಒಂದು ಸಲ ಅಲ್ಲ, ಮೂರು ಸಲ.

ಒಂದು, ಮೂರು ವಾರದಿಂದ ಬ್ರೇಕ್ ಒತ್ತಿದಾಗ ಬಲಗಡೆ ಮುಂದಿನ ಚಕ್ರದಿಂದ ಸಣ್ಣಗೆ ಕಿರ್ರ್ ಅಂತ ಸದ್ದು ಬರ್ತಿತ್ತು. ನಮಗೆ ಅದಕ್ಕೆ ಉತ್ತರ ಗೊತ್ತಿತ್ತು. ಮಳೆಗಾಲದಲ್ಲಿ ರಾತ್ರಿಯೆಲ್ಲಾ ನಿಂತ ಕಾರಿನ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಕೂರತ್ತೆ, ನಾಲ್ಕು ಸಲ ಬ್ರೇಕ್ ಹಾಕಿದ್ರೆ ಉಜ್ಜಿ ಹೋಗತ್ತೆ. ಇದು ನಿಜವೇ. ಆದ್ರೆ ತುಕ್ಕಿನ ಸದ್ದು ಗೇಟ್ ದಾಟೋ ಹೊತ್ತಿಗೆ ಹೋಗ್ಬೇಕು. ನಮ್ದು ಬೇಲೂರು ದಾಟಿದ್ರೂ ಹೋಗಿರಲಿಲ್ಲ. ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ್ವಿ.

ಎರಡು, ಬ್ರೇಕ್ ಹಾಕಿದಾಗ ಕಾರು ಸ್ವಲ್ಪ ಎಡಕ್ಕೆ ಎಳೀತಿತ್ತು. ಇದಕ್ಕೂ ಉತ್ತರ ಇತ್ತು. ನೀರು ಹರಿದುಹೋಗ್ಲಿ ಅಂತ ರಸ್ತೆಗೆ ಕ್ಯಾಂಬರ್ ಕೊಟ್ಟಿರ್ತಾರೆ, ನಾವು ಎಡಗಡೆ ಓಡಿಸ್ತೀವಿ, ಹಾಗಾಗಿ ಎಡಕ್ಕೆ ಎಳೆಯತ್ತೆ. ಎಷ್ಟು ಚೆಂದದ ಉತ್ತರ! ಸಿವಿಲ್ ಡಿಪಾರ್ಟ್‌ಮೆಂಟಿನವರು ಕೇಳಿದ್ರೆ ಮಾರ್ಕ್ಸ್ ಕೊಡ್ತಿದ್ರು.

ಮೂರು, ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗೆ ಬಂದಿತ್ತು. ಕಾರಿನ ಹುಡುಗ ಅಂಗಡಿಯಿಂದ ಬಾಟಲಿ ತಂದು ಮ್ಯಾಕ್ಸ್ ಗೆರೆವರೆಗೆ ತುಂಬಿಸಿದ. ನಾವೆಲ್ಲಾ ಜವಾಬ್ದಾರಿ ಮೆರೆದಿದ್ದಕ್ಕೆ ಅವನ ಬೆನ್ನು ತಟ್ಟಿದ್ವಿ.

ಈಗ ಗೊತ್ತಾಗಿದ್ದು ಹೇಳ್ತೀವಿ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್ ತರ ಉರಿದು ಕಮ್ಮಿ ಆಗೋದಲ್ಲ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಒಳಗಿನ ಪಿಸ್ಟನ್ ಅಷ್ಟಷ್ಟೇ ಹೊರಗೆ ಬರತ್ತೆ, ಅದರ ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯತ್ತೆ. ಅಂದ್ರೆ ಮಟ್ಟ ಇಳಿದಿದೆ ಅಂದ್ರೆ ಎರಡೇ ಅರ್ಥ. ಒಂದೋ ಎಲ್ಲೋ ಸೋರ್ತಿದೆ, ಇಲ್ಲಾ ಪ್ಯಾಡ್ ಸವೆದಿದೆ. ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಲ್ಲಿ ಹ್ಯಾಂಡ್‌ಬ್ರೇಕಿನ ಕೆಂಪು ಲೈಟ್ ಸುಮ್ಮಸುಮ್ಮನೆ ಹತ್ತಿ ಆರೋದು ಇದಕ್ಕೇ, ಡಬ್ಬಿಯಲ್ಲಿರೋ ಫ್ಲೋಟ್ ಕೆಳಗೆ ಬಂದಿರತ್ತೆ. ನಾವು ತುಂಬಿಸಿದ್ದು ಆಯಿಲ್ ಅಲ್ಲ, ಎಚ್ಚರಿಕೆಯ ಮೇಲೆ ಮಣ್ಣು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯೋಕೆ ಶುರು ಮಾಡಿದಾಗ ಮಂಜು ಇತ್ತು. ಕಾರು ನಾಲ್ಕನೇ ಗೇರಲ್ಲಿ ಉರುಳ್ತಾ ಇತ್ತು, ಕಾಲು ಬ್ರೇಕ್ ಮೇಲೇ ಇತ್ತು. ಐದಾರು ತಿರುವು ಆದ ಮೇಲೆ ವಾಸನೆ. ಹೊರಗಡೆ ಯಾರೋ ಟಯರ್ ಸುಡ್ತಿದಾರೆ ಅಂದ್ಕೊಂಡ್ವಿ. ಅಲ್ಲಿ ಯಾರಿರ್ತಾರೆ, ಕಾಡು. ಆಮೇಲೆ ಒಂದು ತಿರುವಲ್ಲಿ ಕಾರಿನ ಹುಡುಗ ಏನೂ ಮಾತಾಡದೆ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡ್ಕೊಂಡ. ಪೆಡಲ್ ಗಟ್ಟಿಯಾಗೇ ಇತ್ತು, ಒತ್ತಿದಷ್ಟೂ ಕಾರು ನಿಲ್ಲೋ ಮನಸ್ಸು ಮಾಡ್ತಿರಲಿಲ್ಲ. ಕಿರ್ರ್ ಹೋಗಿ ಕರಕರ ಅಂತ ಕಲ್ಲು ಅರೆಯೋ ಸದ್ದು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಡಕ್ಕೆ ಸ್ವಲ್ಪ ಅಗಲ ಇದ್ದ ಕಡೆ ಹೇಗೋ ನಿಲ್ಲಿಸಿದ. ನಾಲ್ಕು ಜನಾನೂ ಇಳಿದು ತಡೆಗೋಡೆ ಮೇಲೆ ಕೂತ್ವಿ. ಆ ಕಡೆ ಕೆಳಗೆ ಯಾರೂ ನೋಡಲಿಲ್ಲ.

ನಮ್ಮಲ್ಲೊಬ್ಬ ನೀರಿನ ಬಾಟಲಿ ತೆಗೆದು ಡಿಸ್ಕ್ ಮೇಲೆ ಸುರಿಯೋಕೆ ಹೊರಟ. ಅಷ್ಟರಲ್ಲಿ ತರಕಾರಿ ಪಿಕಪ್ ಒಂದು ನಿಂತು, ಡ್ರೈವರ್ ಕಿಟಕಿಯಿಂದಲೇ ಕೂಗಿದ್ರು. "ಏಯ್, ನೀರ್ ಹಾಕ್ಬೇಡ್ರಪ್ಪಾ, ಸೀಳ್ಕೊಳ್ಳತ್ತೆ ಅದು!" ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಏನಾಗತ್ತೆ ಅಂತ, ಕ್ವೆಂಚಿಂಗ್ ಅನ್ನೋ ಹೆಸರಲ್ಲಿ, ಅದೇ ತಿಂಗಳ ಇಂಟರ್ನಲ್ಸಲ್ಲಿ ನಾವು ಮೂವರೂ ಬರೆದಿದ್ವಿ. ಒಬ್ಬನಿಗಂತೂ ಪೂರ್ತಿ ಮಾರ್ಕ್ಸ್ ಬಂದಿತ್ತು. ಬಾಟಲಿ ಅವನ ಕೈಯಲ್ಲೇ ಇತ್ತು.

"ಯಾವ ಗೇರಲ್ಲಿ ಇಳಿಸ್ತಿದ್ರಿ?" ಅಂತ ಕೇಳಿದ್ರು.

"ನಾಲ್ಕು, ಅಣ್ಣಾ."

ಅವರು ಬೈಯಲಿಲ್ಲ. "ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಮುಕ್ಕಾಲು ಗಂಟೆ ಸುಮ್ನೆ ಕೂತ್ಕೊಳ್ಳಿ, ಮುಟ್ಬೇಡಿ. ಆಮೇಲೆ ಎರಡರಲ್ಲಿ ಹಾಕ್ಕೊಂಡು ನಿಧಾನಕ್ಕೆ ಇಳ್ಕೊಂಡು ಹೋಗಿ, ಉಜಿರೆಯಲ್ಲಿ ತೋರಿಸಿ" ಅಂದು ಹೋದ್ರು.

ಆ ಮುಕ್ಕಾಲು ಗಂಟೆಯಲ್ಲಿ ಸಿಎಸ್‌ನವಳು ಮೊಬೈಲಲ್ಲಿ ಒಂದು ಲೆಕ್ಕ ಮಾಡಿದ್ಲು. ಮೂವರು ಮೆಕ್ಯಾನಿಕಲ್ ಮಾಡಲಿಲ್ಲ ಅನ್ನೋದನ್ನ ದಾಖಲಿಸ್ತೀವಿ. ಕಾರು, ನಾವು, ನಮ್ಮ ಬ್ಯಾಗು ಸೇರಿ ಸುಮಾರು 1,200 ಕೆಜಿ ಇಟ್ಕೊಳ್ಳಿ. 60 ಕಿ.ಮೀ. ವೇಗದಲ್ಲಿ ಹೋಗ್ತಿರೋ ಆ ಕಾರನ್ನ ಪೂರ್ತಿ ನಿಲ್ಲಿಸೋಕೆ ಬ್ರೇಕು ಸುಮಾರು 167 ಕಿಲೋಜೂಲ್ ಶಕ್ತಿಯನ್ನ ಶಾಖ ಮಾಡಿ ಬಿಸಾಕಬೇಕು. ಅದೇ ಕಾರು ಘಾಟಿಯಲ್ಲಿ 100 ಮೀಟರ್ ಎತ್ತರ ಇಳಿದ್ರೆ, ಎಂಜಿಎಚ್ ಸೂತ್ರ ಹಾಕಿ ನೋಡಿ, ಸುಮಾರು 1,176 ಕಿಲೋಜೂಲ್. ಅಂದ್ರೆ ಪ್ರತಿ 100 ಮೀಟರ್ ಇಳಿತಕ್ಕೆ, 60ರಿಂದ ಸೊನ್ನೆಗೆ ಏಳು ಸಲ ನಿಲ್ಲಿಸಿದಷ್ಟು ಕೆಲಸ. ಸ್ವಲ್ಪ ಗಾಳಿಗೆ, ಟಯರಿಗೆ ಹೋಗತ್ತೆ. ಎರಡನೇ ಗೇರಲ್ಲಿದ್ರೆ ದೊಡ್ಡ ಪಾಲು ಎಂಜಿನ್ ತಗೊಳ್ಳತ್ತೆ. ನಾಲ್ಕರಲ್ಲಿ, ಅದಕ್ಕಿಂತ ಹೆಚ್ಚಾಗಿ ನ್ಯೂಟ್ರಲಲ್ಲಿ, ಹೆಚ್ಚುಕಮ್ಮಿ ಎಲ್ಲಾ ಪ್ಯಾಡಿನ ತಲೆ ಮೇಲೆ. ಪೆಟ್ರೋಲ್ ಉಳಿಯತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಯೋರು ನಮ್ಮ ಹಾಸ್ಟೆಲಲ್ಲೇ ಇದ್ದಾರೆ. ಅವರಿಗೊಂದು ಮಾತು: ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲ್ ಹೋಗೋದೇ ನಿಲ್ಲತ್ತೆ. ನ್ಯೂಟ್ರಲಲ್ಲಿ ಎಂಜಿನ್ ಆರದ ಹಾಗೆ ಉಳಿಸೋಕೆ ಪೆಟ್ರೋಲ್ ಬೇಕು. ಉಳಿಸ್ತಿರೋದು ಏನೂ ಇಲ್ಲ.

ಉಜಿರೆಯಲ್ಲಿ ಒಂದು ಸಣ್ಣ ಗ್ಯಾರೇಜ್ ಸಿಕ್ತು. ನಮ್ಮ ಅಪ್ಪಂದಿರ ವಯಸ್ಸಿನ ಮೆಕ್ಯಾನಿಕ್. ನಾವು ಮೊದಲೇ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡಿದ್ವಿ, ದಾರಿಯಲ್ಲಿ ಕೆಟ್ಟ ಕಾರು, ಬೇರೆ ಊರಿನ ನಂಬರ್, ಮೀಸೆ ಬರದ ಹುಡುಗರು, ಇವರು ಬಿಲ್ ಏರಿಸ್ತಾರೆ ಅಂತ. ಹಾಗಾಗಿ ಕಾರಿನ ಹುಡುಗ ಮೊದಲೇ ಹೇಳಿದ, "ಪ್ಯಾಡ್ ನಾವು ಚೆಕ್ ಮಾಡಿದೀವಿ, ಚೆನ್ನಾಗಿದೆ. ಬೇರೆ ಏನೋ ಪ್ರಾಬ್ಲಮ್."

ಅವರು ಏನೂ ಹೇಳದೆ ಜಾಕ್ ಕೊಟ್ಟು ಚಕ್ರ ಬಿಚ್ಚಿದ್ರು. "ಹೊರಗಿನ ಪ್ಯಾಡ್ ಚೆನ್ನಾಗೇ ಉಂಟು. ಒಳಗಿಂದು ನೋಡಿದ್ದೀರಾ?" ಅಂದ್ರು. ಕ್ಯಾಲಿಪರ್ ಎತ್ತಿ ಒಳಗಿನ ಪ್ಯಾಡ್ ತೆಗೆದು ನಮ್ಮ ಕೈಗಿಟ್ಟರು. "ಎಂತ ಮಾರಾಯ್ರೆ ಇದು, ಪ್ಯಾಡ್ ಎಲ್ಲುಂಟು ಇದರಲ್ಲಿ? ಬರೀ ಕಬ್ಬಿಣ."

ನಿಜ. ಉಜ್ಜಿ ಉಜ್ಜಿ ಬೆಳ್ಳಗೆ ಹೊಳೀತಿದ್ದ ಕಬ್ಬಿಣದ ತಟ್ಟೆ. ಡಿಸ್ಕ್ ಮೇಲೆ ಹಳೇ ಗ್ರಾಮಫೋನ್ ಪ್ಲೇಟ್ ತರ ಗೀರುಗಳು.

ಇಲ್ಲಿ ಸ್ವಲ್ಪ ನಿಂತು ಕಾರಣ ಹೇಳ್ಬೇಕು, ಯಾಕಂದ್ರೆ ನಾವು ಈ ಲೇಖನ ಬರೀತಿರೋದೇ ಇದಕ್ಕೆ. ಸಾಮಾನ್ಯ ಕಾರುಗಳ ಮುಂದಿನ ಚಕ್ರದಲ್ಲಿ ಡಿಸ್ಕಿನ ಎರಡೂ ಕಡೆ ಪ್ಯಾಡ್ ಇರತ್ತೆ, ಆದ್ರೆ ಪಿಸ್ಟನ್ ಇರೋದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತತ್ತೆ. ಆ ಒತ್ತಡದ ಪ್ರತಿಕ್ರಿಯೆಗೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಹಿಡಿಸತ್ತೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ. ಆ ಪಿನ್ನುಗಳ ಗ್ರೀಸ್ ಒಣಗಿ, ನೀರು ಹೋಗಿ ತುಕ್ಕು ಹಿಡಿದ್ರೆ ಕ್ಯಾಲಿಪರ್ ಜಾರೋದಿಲ್ಲ. ಆಗ ಒಳಗಿನ ಪ್ಯಾಡ್ ಒಂದೇ ದುಡಿಯತ್ತೆ, ಬ್ರೇಕ್ ಬಿಟ್ಟ ಮೇಲೂ ಡಿಸ್ಕಿಗೆ ತಾಗಿಕೊಂಡೇ ಇರತ್ತೆ. ಹೊರಗಿನದು ಆರಾಮಾಗಿ ಕೂತು ನಿಮ್ಮ ಟಾರ್ಚಿಗೆ ಪೋಸ್ ಕೊಡತ್ತೆ. "ಪಿನ್ ಹಿಡ್ಕೊಂಡಿದೆ, ಒಂದೇ ಕಡೆ ತಿಂದಿದೆ" ಅಂತ ಮೆಕ್ಯಾನಿಕ್ ಹೇಳಿದ್ದು ಐದು ಪದ. ಮೇಲಿನ ಪ್ಯಾರಾ ನಮ್ಮದು.

ಎಡಕ್ಕೆ ಎಳೆದಿದ್ದೂ ಇದಕ್ಕೇ. ಬಲಗಡೆ ಚಕ್ರ ಸರಿಯಾಗಿ ಹಿಡೀತಿರಲಿಲ್ಲ, ಎಡಗಡೆಯದು ಹಿಡೀತಿತ್ತು. ಕ್ಯಾಂಬರ್ ಅಂತೆ ಕ್ಯಾಂಬರ್.

ಇನ್ನೊಂದು ನಾಚಿಕೆಗೇಡು ವಿಷಯ ಉಳಿದಿದೆ. ಹೊರಗಿನ ಪ್ಯಾಡನ್ನ "ಅರ್ಧಕ್ಕಿಂತ ಜಾಸ್ತಿ" ಅಂದಿದ್ವಲ್ಲ, ಅದೂ ತಪ್ಪು. ಪ್ಯಾಡ್ ಅಂದ್ರೆ ಎರಡು ಪದರ, ಹಿಂದೆ ಸುಮಾರು 5 ಮಿ.ಮೀ. ಉಕ್ಕಿನ ತಟ್ಟೆ, ಮುಂದೆ ಉಜ್ಜೋ ವಸ್ತು. ಟಾರ್ಚ್ ಬೆಳಕಲ್ಲಿ ಎರಡೂ ಧೂಳು ಹಿಡಿದು ಒಂದೇ ಬಣ್ಣ. ನಾವು ಎರಡನ್ನೂ ಸೇರಿಸಿ ಅಳೆದಿದ್ವಿ. ಲೆಕ್ಕಕ್ಕೆ ಬರೋದು ಉಜ್ಜೋ ವಸ್ತು ಮಾತ್ರ. ಹೊಸದರಲ್ಲಿ ಅದು ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರತ್ತೆ, 3 ಮಿ.ಮೀ.ಗೆ ಬಂದ್ರೆ ಬದಲಾಯಿಸಿ ಅಂತಾರೆ, 2ಕ್ಕಿಂತ ಕೆಳಗೆ ಓಡಿಸೋ ಹಾಗೇ ಇಲ್ಲ. 3 ಮಿ.ಮೀ. ಎಷ್ಟು ಅಂತ ಕಣ್ಣಿಗೆ ಬರಲ್ಲ ಅಂದ್ರೆ, ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದಿಡಿ. ಲ್ಯಾಬಿನ ವರ್ನಿಯರಲ್ಲಿ ನಾವು ಅಳೆದು ನೋಡಿದ್ವಿ, ಹೆಚ್ಚುಕಮ್ಮಿ ಅಷ್ಟೇ ಬರತ್ತೆ.

ಈಗ ನಮ್ಮ ವಾದಕ್ಕೆ ಬರ್ತೀವಿ. "ಸದ್ದು ಬಂದಾಗ ಪ್ಯಾಡ್ ಬದಲಾಯಿಸಿದ್ರಾಯ್ತು" ಅನ್ನೋದು ನಮ್ಮ ಕ್ಯಾಂಪಸ್ಸಿನ ಸರ್ವಸಮ್ಮತ ಸಿದ್ಧಾಂತ. ಈ ಸಿದ್ಧಾಂತ ಅರ್ಧ ನಿಜ, ಅದೇ ಅದರ ಅಪಾಯ. ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ಸ್ಪ್ರಿಂಗ್ ಉಕ್ಕಿನ ನಾಲಿಗೆ ಇರತ್ತೆ. ಪ್ಯಾಡ್ ಸುಮಾರು 2 ಮಿ.ಮೀ.ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಇಟ್ಟಿರೋದು. ಆದ್ರೆ ಎಲ್ಲಾ ಪ್ಯಾಡಲ್ಲೂ ಅದು ಇರಲ್ಲ, ಇದ್ದರೂ ಸಾಮಾನ್ಯವಾಗಿ ಎರಡರಲ್ಲಿ ಒಂದಕ್ಕೆ ಮಾತ್ರ. ಮತ್ತೆ, ಕಿರುಚಾಟಕ್ಕೆ ನೂರು ಕಾರಣ: ಧೂಳು, ತೇವ, ಹೊಸ ಪ್ಯಾಡ್, ಹಿಂದಿನ ಶಿಮ್ ಹಾಕದೇ ಇರೋದು. ಇಷ್ಟು ಸುಳ್ಳು ಹೇಳೋ ಸಾಕ್ಷಿಯನ್ನ ನಂಬಿ ಘಾಟಿ ಇಳಿಯೋದು ಹೇಗೆ?

"ಇಷ್ಟು ಕಿಲೋಮೀಟರಿಗೆ ಬದಲಾಯಿಸಿ" ಅನ್ನೋದೂ ನಮಗೆ ಒಪ್ಪಿಗೆ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ದಿನಾ ಹೋಗಿಬರೋ ಕಾರಿನ 30 ಸಾವಿರ ಕಿಲೋಮೀಟರೂ, ಚಿತ್ರದುರ್ಗದ ಹೈವೇಯಲ್ಲಿ ಓಡೋ ಕಾರಿನ 30 ಸಾವಿರವೂ ಒಂದೇನಾ? ಒಂದರಲ್ಲಿ ಪ್ಯಾಡ್ ಮುಗಿದಿರಬಹುದು, ಇನ್ನೊಂದರಲ್ಲಿ ಅರ್ಧ ಉಳಿದಿರಬಹುದು. ಒಂದೇ ಕಾರಲ್ಲಿ ಒಂದೇ ಚಕ್ರದ ಎರಡು ಪ್ಯಾಡೇ ಒಂದೇ ಸಮ ಇರಲಿಲ್ಲ, ನಮ್ಮ ಕೈಯಲ್ಲೇ ಪ್ರೂಫ್ ಇದೆ.

ಹಾಗಾದ್ರೆ ನಮ್ಮ ಪ್ರಕಾರ ಉತ್ತರ ಒಂದೇ: ಚಕ್ರ ಬಿಚ್ಚಿ, ಒಳಗಿನ ಪ್ಯಾಡನ್ನ ಕಣ್ಣಲ್ಲಿ ನೋಡಿ, ಮಿಲಿಮೀಟರಲ್ಲಿ ಹೇಳೋದು. ಬಿಚ್ಚೋಕೆ ಆಗ್ದಿದ್ರೆ ಸ್ಟಿಯರಿಂಗನ್ನ ಪೂರ್ತಿ ಒಂದು ಕಡೆ ತಿರುಗಿಸಿ, ಟಯರಿನ ಹಿಂದಿನಿಂದ ಟಾರ್ಚ್ ಬಿಡಿ, ಹಲವು ಕಾರುಗಳಲ್ಲಿ ಒಳಗಿನ ಪ್ಯಾಡಿನ ಅಂಚು ಕಾಣತ್ತೆ.

ಎಷ್ಟಕ್ಕೆ ಬದಲಾಯಿಸ್ಬೇಕು ಅನ್ನೋದರಲ್ಲಿ ನಮ್ಮೊಳಗೇ ಜಗಳ ಇದೆ. ಮೂವರು ಹೇಳೋದು, ಘಾಟಿ ಇಳಿದು ಹತ್ತೋ ಕಾರಿಗೆ 4 ಮಿ.ಮೀ.ಗೇ ಬದಲಾಯಿಸಿಬಿಡ್ಬೇಕು. ಕಾರಣ ಶಾಖ. ಪ್ಯಾಡ್ ತೆಳು ಆದಷ್ಟೂ ಡಿಸ್ಕಿನ ಬಿಸಿ ಪಿಸ್ಟನ್ನಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಬೇಗ ಹೋಗತ್ತೆ. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಆದ್ರೆ ಅದು ಗಾಳಿಯಲ್ಲಿನ ತೇವ ಹೀರ್ಕೊಳ್ಳತ್ತೆ, ಹಾಗೆ ನೀರು ಸೇರಿದ ಆಯಿಲಿಗೆ ಆ ಮಿತಿ 155 ಡಿಗ್ರಿ. ಮಲೆನಾಡಿನ ಮಳೆಯಲ್ಲಿ ಎರಡು ಮೂರು ವರ್ಷ ಆಯಿಲ್ ಬದಲಾಯಿಸದ ಕಾರು ಯಾವ ಲೆಕ್ಕಕ್ಕೆ ಹತ್ತಿರ ಇರತ್ತೆ ಯೋಚಿಸಿ. ಆಯಿಲ್ ಕುದಿದ್ರೆ ಆವಿ, ಆವಿ ಒತ್ತಿದ್ರೆ ಕುಗ್ಗತ್ತೆ, ಪೆಡಲ್ ನೆಲಕ್ಕೆ ಹೋಗತ್ತೆ. ನಮ್ಮ ಪೆಡಲ್ ಗಟ್ಟಿ ಇತ್ತು, ಅಂದ್ರೆ ನಮಗೆ ಆಗಿದ್ದು ಪ್ಯಾಡ್ ಕಾದು ಹಿಡಿತ ಬಿಟ್ಟಿದ್ದು, ಆಯಿಲ್ ಕುದಿದಿದ್ದಲ್ಲ. ಅದೂ ಆಗಿದ್ರೆ ಈ ಲೇಖನ ಇರ್ತಿರಲಿಲ್ಲ. ನಾಲ್ಕನೆಯವಳು, ಸಿಎಸ್, ಒಪ್ಪಲ್ಲ. "3 ಅಂತ ಬರೆದಿದ್ರೆ 3. ಎರಡನೇ ಗೇರಲ್ಲಿ ಇಳಿಯೋಕೆ ಬರದವರು 4 ಅಲ್ಲ, 10 ಇದ್ರೂ ಸುಡ್ತಾರೆ" ಅಂತಾಳೆ. ಇದಕ್ಕೆ ನಮ್ಮ ಹತ್ರ ಒಳ್ಳೇ ಉತ್ತರ ಇಲ್ಲ.

ಕೆಲವರು ಕೇಳ್ತಾರೆ, ಇದೆಲ್ಲಾ ಮೆಕ್ಯಾನಿಕ್ ಕೆಲಸ ಅಲ್ವಾ, ಸರ್ವಿಸಲ್ಲಿ ನೋಡಲ್ವಾ ಅಂತ. ನೋಡ್ತಾರೆ ಅಂತಲೇ ನಾವೂ ಅಂದ್ಕೊಂಡಿದ್ವಿ. ಈ ಕಾರು ಘಾಟಿಗೆ ಹೋಗೋ ಒಂದೂವರೆ ತಿಂಗಳ ಮುಂಚೆ ಸರ್ವಿಸ್ ಆಗಿತ್ತು. ಶೀಟಲ್ಲಿ ಬ್ರೇಕ್ ಅನ್ನೋ ಸಾಲಿನ ಮುಂದೆ ಟಿಕ್ ಇದೆ. ಎಷ್ಟು ಮಿಲಿಮೀಟರ್ ಅಂತ ಬರೆಯೋ ಜಾಗ ಖಾಲಿ. ಚಕ್ರ ಬಿಚ್ಚಿದ್ರಾ? ಬಿಚ್ಚಿದ್ರೆ ಒಣಗಿದ ಪಿನ್ ಕಾಣ್ಬೇಕಿತ್ತು. ಇದರ ತದ್ವಿರುದ್ಧವೂ ನಡೆಯತ್ತೆ. ಇನ್ನೊಬ್ಬ ಕ್ಲಾಸ್‌ಮೇಟ್ ಮನೆಯ ಕಾರಿಗೆ, ಬೇರೆ ಕಡೆ, "ಪ್ಯಾಡ್ ಹೋಗಿದೆ" ಅಂತ ಬದಲಾಯಿಸಿ ಕೊಟ್ಟರು. ಹಳೇದನ್ನ ಕೇಳಿ ಇಸ್ಕೊಂಡು ಅಳೆದ್ರೆ 7 ಮಿ.ಮೀ. ಇತ್ತು! ಎರಡೂ ಕಡೆ ಮೋಸ ಹೋಗೋದು ಒಂದೇ ಕಾರಣಕ್ಕೆ, ನಮಗೆ ಕೇಳೋಕೆ ಬರಲ್ಲ. ಎಷ್ಟಿದೆ ಅಂತ ಸಂಖ್ಯೆ ಕೇಳೋದು, ಹಳೇ ಪ್ಯಾಡ್ ಕೈಗೆ ಕೊಡಿ ಅನ್ನೋದು, ಇದಕ್ಕೆ ಡಿಗ್ರಿ ಬೇಡ. ಮತ್ತೆ ನಾವು ಮೋಸ ಮಾಡ್ತಾರೆ ಅಂತ ಹೆದರಿದ್ದ ಉಜಿರೆಯ ಗ್ಯಾರೇಜಲ್ಲಿ ಏನಾಯ್ತು? ಅವರು ಎರಡೂ ಕಡೆ ಪ್ಯಾಡ್ ಹಾಕಿದ್ರು, ಯಾಕಂದ್ರೆ ಒಂದು ಕಡೆ ಹೊಸದು ಒಂದು ಕಡೆ ಹಳೇದು ಹಾಕಿದ್ರೆ ಮತ್ತೆ ಎಳೆಯತ್ತೆ. ಬಲಗಡೆ ಡಿಸ್ಕ್ ಅಳೆದು, ಅದರ ಮೇಲೇ ಅಚ್ಚು ಹಾಕಿದ್ದ ಕನಿಷ್ಠ ದಪ್ಪದ ಸಂಖ್ಯೆ ತೋರಿಸಿ, ಅದಕ್ಕಿಂತ ಕೆಳಗೆ ಹೋಗಿದೆ ಅಂತ ನಮ್ಮಿಂದಲೇ ಓದಿಸಿದ್ರು. ಆಮೇಲೆ ಡಿಸ್ಕೂ ಜೋಡಿಯಾಗೇ ಬದಲಾಯಿಸಿದ್ರು. ಪಿನ್ ಬಿಡಿಸಿ ಗ್ರೀಸ್ ಹಚ್ಚಿದ್ರು. ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ನಾವು ಮ್ಯಾಕ್ಸ್‌ವರೆಗೆ ತುಂಬಿಸಿದ್ದ ಆಯಿಲ್ ಡಬ್ಬಿಯಿಂದ ಉಕ್ಕಿತು. ಅವರು ತಕ್ಷಣ ನೀರು ಹಾಕಿ ತೊಳೆದ್ರು, ಅದು ಬಿದ್ರೆ ಪೇಂಟ್ ಎದ್ದು ಬರತ್ತಂತೆ. "ಇದು ಯಾರ ಕೆಲಸ?" ಅಂತ ಕೇಳಿದ್ರು. ಯಾರೂ ಬಾಯಿ ಬಿಡಲಿಲ್ಲ.

ಹೊರಡುವಾಗ ಅವರೇ ಕೂತು ಬ್ರೇಕ್ ಪೆಡಲನ್ನ ಹತ್ತು ಸಲ ಒತ್ತಿದ್ರು. ಇದನ್ನ ಯಾರೂ ಮರೀಬೇಡಿ, ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒಂದೆರಡು ಸಲ ಪೆಡಲ್ ಪೂರ್ತಿ ಒಳಗೆ ಹೋಗತ್ತೆ, ಪಿಸ್ಟನ್ ಇನ್ನೂ ಪ್ಯಾಡ್ ಮುಟ್ಟಿರಲ್ಲ. ಒತ್ತಿ ಗಟ್ಟಿ ಆಗೋ ಮುಂಚೆ ಗೇರ್ ಹಾಕಿದ್ರೆ ಎದುರಿನ ಗೋಡೆಯೇ ಬ್ರೇಕ್. ಮೊದಲ ಇನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕ್ಬೇಡಿ, ಪ್ಯಾಡ್ ಡಿಸ್ಕಿಗೆ ಕೂರ್ಬೇಕು ಅಂತಲೂ ಹೇಳಿದ್ರು.

ಬೈಕು, ಸ್ಕೂಟರಿನವರು ಇದು ನಮಗಲ್ಲ ಅಂತ ಸ್ಕ್ರೋಲ್ ಮಾಡ್ಬೇಡಿ. ನಿಮ್ಮ ಡಿಸ್ಕ್ ಪ್ಯಾಡ್ ನೋಡೋದು ಇನ್ನೂ ಸುಲಭ, ಚಕ್ರ ಬಿಚ್ಚೋದೇ ಬೇಡ. ಹಲವು ಪ್ಯಾಡುಗಳ ಮಧ್ಯೆ ಒಂದು ಗೀಟು ಇರತ್ತೆ, ಆ ಗೀಟು ಅಳಿಸಿಹೋದ್ರೆ ಪ್ಯಾಡ್ ಮುಗೀತು. ಮೊನ್ನೆ ಕ್ಯಾಂಟೀನ್ ಮುಂದೆ ನಿಂತಿದ್ದ ಬೈಕುಗಳಲ್ಲಿ ಸುಮ್ನೆ ಬಗ್ಗಿ ನೋಡಿದ್ವಿ. ಮೂರಕ್ಕೆ ಗೀಟು ಇರಲಿಲ್ಲ. ಒಂದು ನಮ್ಮದೇ.

ಬೆರ್ತಾ ಬೆಂಜ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರತ್ತೆ. 1888ರ ಆಗಸ್ಟಲ್ಲಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನೇ ಕಟ್ಟಿದ ಮೋಟಾರು ಗಾಡಿ ತಗೊಂಡು, ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮ್ಯಾನ್‌ಹೈಮಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿನಷ್ಟು ದೂರ, ತವರಿಗೆ ಹೋದ್ಲು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡು ಸವೆದುಹೋಯ್ತು. ಅವಳು ದಾರಿಯಲ್ಲಿ ಚಪ್ಪಲಿ ಹೊಲಿಯೋರ ಹತ್ರ ನಿಲ್ಲಿಸಿ, ಅದರ ಮೇಲೆ ಚರ್ಮ ಹೊಡೆಸಿಕೊಂಡ್ಲು. ಬ್ರೇಕ್ ಲೈನಿಂಗ್ ಅನ್ನೋ ಐಡಿಯಾ ಅಲ್ಲಿಂದಲೇ ಬಂತು ಅಂತ ಹೇಳ್ತಾರೆ. ಅವಳ ಹತ್ರ ಡಿಗ್ರಿ ಇರಲಿಲ್ಲ, ಹತ್ತನೇ ತಿರುವಿನವರೆಗೆ ಕಾಯಲೂ ಇಲ್ಲ. ನಮ್ಮ ಕಾಲೇಜಲ್ಲಿ ಡಿಸ್ಕ್ ಬ್ರೇಕಿನ ಕಟ್ ಸೆಕ್ಷನ್ ಮಾಡೆಲ್ ಇದೆ, ಕೆಂಪು ಹಳದಿ ಪೇಂಟ್ ಹೊಡೆದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಆ ಮಾಡೆಲಿನ ಪ್ಯಾಡ್ ಯಾವತ್ತೂ ಸವೆಯಲ್ಲ, ಪಿನ್ ಯಾವತ್ತೂ ಹಿಡ್ಕೊಳ್ಳಲ್ಲ. ಮೊದಲ ವರ್ಷ ಪೂರ್ತಿ ವರ್ಕ್‌ಶಾಪಲ್ಲಿ ಡವ್‌ಟೇಲ್ ಜಾಯಿಂಟ್ ಉಜ್ಜಿದ್ದೀವಿ, ಅದು ಬೇಡ ಅಂತಿಲ್ಲ. ಆದ್ರೆ ಒಂದೇ ಒಂದು ಮಧ್ಯಾಹ್ನ, ಎಲ್ಲಾ ಬ್ರ್ಯಾಂಚಿನವರಿಗೂ, ಒಂದು ನಿಜವಾದ ಕೊಳಕು ಚಕ್ರ ಬಿಚ್ಚಿ, ಸವೆದ ಪ್ಯಾಡ್ ಅಳೆದು, ಮತ್ತೆ ಹಾಕೋದು ಇಟ್ಟರೆ ಸಿಲಬಸ್ಸಿಗೆ ಏನೂ ಆಗಲ್ಲ. ಎಚ್‌ಒಡಿ ಸರ್‌ಗೆ ಲೆಟರ್ ಬರೆದಿದೀವಿ. ನಮ್ಮದೇ ಆ ಕಬ್ಬಿಣದ ಪ್ಯಾಡನ್ನ ಜೊತೆಗೆ ಲಗತ್ತಿಸಿದೀವಿ. ಲಗತ್ತು ಅನ್ನೋ ಪದ ಇದಕ್ಕೆ ಬಳಸಬಹುದಾ ಅಂತ ಕನ್ನಡ ಸಂಘದವರೇ ಹೇಳ್ಬೇಕು.

ಬಿಚ್ಚೋಕೆ ಹೊರಟವರಿಗೆ ಎರಡು ಮಾತು. ಗಟ್ಟಿ ನೆಲದ ಮೇಲೆ ಜಾಕ್ ಕೊಡಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ, ಬರೀ ಜಾಕ್ ಮೇಲಿರೋ ಕಾರಿನ ಕೆಳಗೆ ತಲೆ ಹಾಕ್ಬೇಡಿ. ಬ್ರೇಕಿನ ಧೂಳನ್ನ ಬಾಯಲ್ಲಿ ಉಫ್ ಅಂತ ಊದ್ಬೇಡಿ, ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಬಳಸ್ತಿದ್ರು, ಹೊಸದರ ಧೂಳೂ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಒದ್ದೆ ಬಟ್ಟೆ ಸಾಕು.

ಕಾರಿನ ಹುಡುಗ ಊರಿಗೆ ಹೋಗಿ ಅವರಪ್ಪನ ಮುಂದೆ ಎಲ್ಲಾ ಹೇಳಿದ. ಅವರು ಬೈತಾರೆ ಅಂತ ರೆಡಿಯಾಗೇ ಹೋಗಿದ್ದ. ಅವರು ಸರ್ವಿಸ್ ಶೀಟ್ ಹುಡುಕಿ ತೆಗೆದು, ಆ ಟಿಕ್ ಮೇಲೆ ಬೆರಳಿಟ್ಟು, "ಮುಂದಿನ ಭಾನುವಾರ ಇದರಲ್ಲೇ ನಿಮ್ಮಜ್ಜಿನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗೋದಿತ್ತಲ್ಲೋ, ನಿಮ್ಮಮ್ಮ, ತಂಗಿ ಎಲ್ಲಾ" ಅಂದ್ರಂತೆ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲವಂತೆ.

ಹೋದ ವಾರ ಮತ್ತೆ ಸರ್ವಿಸಿಗೆ ಬಿಟ್ಟಿದ್ರು. ಗಾಡಿ ವಾಪಸ್ ತಗೊಳ್ಳುವಾಗ ಶೀಟಲ್ಲಿ ಅದೇ ಟಿಕ್. ಅವರಪ್ಪ, "ಒಳಗಿನ ಪ್ಯಾಡ್ ಎಷ್ಟು ಮಿಲಿಮೀಟರ್ ಇದೆ?" ಅಂತ ಕೇಳಿದ್ರು. ಕೌಂಟರಲ್ಲಿದ್ದ ಹುಡುಗ ಒಳಗೆ ಹೋಗಿ ಕೇಳ್ಕೊಂಡು ಬಂದು ಹೇಳಿದ್ನಂತೆ: "ಸಾರ್, ಚಕ್ರ ಬಿಚ್ಚಿಲ್ಲ. ಹತ್ತು ನಿಮಿಷ ಕೂತ್ಕೊಳ್ಳಿ, ಬಿಚ್ಚಿ ನೋಡಿ ಹೇಳ್ತೀವಿ."